ಯಾವ ಲೆಕ್ಕಕ್ಕೆ ಯಾರು ಯಜಮಾನ?

ಹಳೆಯ ಸಹಕಾರ ಸಂಘಗಳ ಕಚೇರಿಯಲ್ಲಿ ಎರಡು ದಪ್ಪ ಪುಸ್ತಕಗಳಿರುತ್ತಿದ್ದವು. ದಿನದ ವ್ಯವಹಾರವನ್ನು ಆದ ಹಾಗೆಯೇ ಬರೆದಿಡುವುದು ಖಿರ್ದಿಯಲ್ಲಿ. ಅದೇ ರಕಮುಗಳನ್ನು ಸದಸ್ಯರ ಹೆಸರಿನ ಪುಟಗಳಿಗೆ ಎತ್ತಿ ಬರೆಯುವುದು ಖತಾವಣಿಯಲ್ಲಿ. ಖಿರ್ದಿಯಲ್ಲಿಲ್ಲದ ರಕಮು ಖತಾವಣಿಗೆ ಬರುವಂತಿರಲಿಲ್ಲ. ಖತಾವಣಿಯಲ್ಲಿ ತಪ್ಪು ಕಂಡರೆ ಅಲ್ಲೇ ಗೀಚಿ ತಿದ್ದುವಂತಿರಲಿಲ್ಲ. ಖಿರ್ದಿಯಲ್ಲಿ ತಿದ್ದುಪಡಿಯ ನಮೂದು ಹಾಕಿ ಅಲ್ಲಿಂದಲೇ ಇಳಿಸಬೇಕಿತ್ತು. ಸಂಜೆ ಎರಡೂ ತಾಳೆಯಾದ ಮೇಲೆಯೇ ಗುಮಾಸ್ತರು ಚಪ್ಪಲಿ ಮೆಟ್ಟುತ್ತಿದ್ದರು. ಇಂದು ದತ್ತಾಂಶ ಜೋಡಣೆ ಎಂದು ಕರೆಯುವ ಕೆಲಸಕ್ಕೆ ಬೇಕಾದ ಶಿಸ್ತೆಲ್ಲ ಆ ಕೋಣೆಯಲ್ಲಿತ್ತು: ಮೊದಲು ಬರೆಯುವ ಜಾಗ ಒಂದೇ, ನಕಲು ಇಳಿಯುವ ದಿಕ್ಕು ಒಂದೇ, ತಾಳೆ ನೋಡುವ ಹೊಣೆ ಒಬ್ಬರದೇ. ಕಂಪ್ಯೂಟರ್ ಬಂದಾಗ ನಾವು ಪುಸ್ತಕಗಳ ಜೊತೆ ಆ ಶಿಸ್ತನ್ನೂ ಕಪಾಟಿಗೆ ಸೇರಿಸಿದೆವು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲವು ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರವೊಂದರಲ್ಲಿ ಪೈಪು, ಪಂಪು, ಹನಿ ನೀರಾವರಿ ಸಾಮಾನಿನ ಸಗಟು ವ್ಯಾಪಾರ ಮಾಡುವವರೊಬ್ಬರು ನನ್ನನ್ನು ಕರೆಸಿದ್ದರು. ಕೌಂಟರಿನಲ್ಲಿ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್, ಲೆಕ್ಕಕ್ಕೆ ಟ್ಯಾಲಿ, ಹಳ್ಳಿಯ ಅಂಗಡಿಯವರು ಆರ್ಡರ್ ಹಾಕಲು ಒಂದು ಆ್ಯಪ್, ಇ-ಇನ್‌ವಾಯ್ಸ್‌ಗೆ ಸರ್ಕಾರದ ಪೋರ್ಟಲ್, ಹಣ ಬಂದದ್ದು ನೋಡಲು ಬ್ಯಾಂಕಿನ ಖಾತೆ. ಐದಕ್ಕೂ ನಡುವೆ ಒಬ್ಬ ಹೆಣ್ಣುಮಗಳು ಕೂತು ರಾತ್ರಿ 8 ಗಂಟೆಯವರೆಗೆ ಒಂದರಿಂದ ನೋಡಿ ಇನ್ನೊಂದಕ್ಕೆ ಟೈಪು ಮಾಡುತ್ತಿದ್ದರು. ‘ಇವೆಲ್ಲಾ ಒಂದಕ್ಕೊಂದು ಮಾತಾಡ್ಕೊಳ್ಳೋ ಹಂಗೆ ಮಾಡಿಬಿಡಿ ಸಾರ್’ ಎಂದರು ಯಜಮಾನರು. ಮೂರು ವಾರದಲ್ಲಿ ಮಾಡಿಕೊಟ್ಟೆ. ಬಿಲ್ಲಿಂಗಿನಲ್ಲಿ ಏನು ಬದಲಾದರೂ ಟ್ಯಾಲಿಗೆ, ಟ್ಯಾಲಿಯಲ್ಲಿ ಏನು ಬದಲಾದರೂ ಬಿಲ್ಲಿಂಗಿಗೆ ಹೋಗುವಂತೆ.

ಹದಿನೈದು ದಿನಕ್ಕೆ ಫೋನು ಬಂತು. ಗಿರಾಕಿಯ ಮೊಬೈಲ್ ನಂಬರನ್ನು ಬೆಳಿಗ್ಗೆ ಕೌಂಟರಿನಲ್ಲಿ ಸರಿಮಾಡಿದರೆ ರಾತ್ರಿ ಮತ್ತೆ ಹಳೆಯ ನಂಬರೇ ಬಂದು ಕೂರುತ್ತಿತ್ತು. ಟ್ಯಾಲಿಯಲ್ಲಿದ್ದ ಹಳೆಯ ನಂಬರು ತಾನೇ ಹೊಸದೆಂದುಕೊಂಡು ವಾಪಸು ಬರುತ್ತಿತ್ತು. ಬಾಕಿಯ ಸಂದೇಶಗಳು ಬೇರೆಯವರ ಫೋನಿಗೆ ಹೋದವು. ನನ್ನ ಕೋಡಿನಲ್ಲಿ ತಪ್ಪು ಹುಡುಕಿ ಎರಡು ದಿನ ಕಳೆದೆ, ಅಲ್ಲಿ ತಪ್ಪಿರಲಿಲ್ಲ. ಗಿರಾಕಿಯ ಫೋನ್ ನಂಬರಿಗೆ ಯಜಮಾನ ಯಾರು ಎಂದು ನಾನು ಯಾರನ್ನೂ ಕೇಳಿರಲಿಲ್ಲ, ತಪ್ಪು ಅಲ್ಲಿತ್ತು.

ಮೊದಲು ಒಂದು ಹಾಳೆ

ನಿಮ್ಮ ಅಂಗಡಿ, ಶಾಲೆ, ಆಸ್ಪತ್ರೆ, ಸಂಘ ಯಾವುದೇ ಇರಲಿ, ತಂತ್ರಾಂಶಗಳನ್ನು ಜೋಡಿಸುವ ಯೋಚನೆ ಬಂದರೆ ಕಂಪ್ಯೂಟರಿನವರನ್ನು ಕರೆಯುವ ಮೊದಲು ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಒಂದು ಆರ್ಡರ್ ಬಂದಲ್ಲಿಂದ ಅದರ ಹಣ ಕೈಸೇರುವ ತನಕ ಏನೇನಾಗುತ್ತದೆ ಎಂದು ಬರೆಯಿರಿ. ಇದನ್ನು ಯಜಮಾನರು ಕ್ಯಾಬಿನ್ನಿನಲ್ಲಿ ಕೂತು ಬರೆದರೆ ಪ್ರಯೋಜನವಿಲ್ಲ. ದಿನಾ ಟೈಪು ಮಾಡುವವರ ಪಕ್ಕದಲ್ಲಿ ಅರ್ಧ ದಿನ ಕುಳಿತು ನೋಡಬೇಕು. ನಮ್ಮ ಸಗಟು ಅಂಗಡಿಯಲ್ಲಿ ಆ ಹೆಣ್ಣುಮಗಳ ಮೇಜಿನ ಮೇಲೆ ಒಂದು ನೋಟ್‌ಬುಕ್ ಇತ್ತು. ಯಾವ ಅಂಗಡಿಗೆ ಎರಡು ಹೆಸರಿದೆ, ಯಾವ ಊರಿನ ಬಿಲ್ಲು ಅಣ್ಣನ ಹೆಸರಿನಲ್ಲಿ ಆಗಿ ಹಣ ತಮ್ಮನ ಖಾತೆಯಿಂದ ಬರುತ್ತದೆ, ಯಾವ ಕಂಪನಿಯ ಪೈಪಿಗೆ ಬಿಲ್ಲಿಂಗಿನಲ್ಲಿ ಒಂದು ಹೆಸರು, ಟ್ಯಾಲಿಯಲ್ಲಿ ಇನ್ನೊಂದು ಹೆಸರು, ಎಲ್ಲವೂ ಅದರಲ್ಲಿತ್ತು. ನಾನು ಮೂರು ವಾರದಲ್ಲಿ ಕಟ್ಟಿದ ಜೋಡಣೆಗೆ ಬೇಕಾಗಿದ್ದ ನಕ್ಷೆ ಆ ನೋಟ್‌ಬುಕ್ಕೇ ಆಗಿತ್ತು. ಅದನ್ನು ನಾನು ತೆರೆದು ನೋಡಿದ್ದು ಎಡವಿದ ಮೇಲೆ.

ಹಾಳೆಯ ಮೇಲೆ ಒಂದೇ ಅಂಕಿಯನ್ನು ಎರಡನೆಯ ಸಲ ಟೈಪು ಮಾಡುವ ಜಾಗಗಳಿಗೆಲ್ಲ ಕೆಂಪು ಗುರುತು ಹಾಕಿ. ಪ್ರತಿ ಗುರುತಿನ ಪಕ್ಕ ದಿನಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ತಪ್ಪಾದರೆ ಎಷ್ಟು ನಷ್ಟ ಎಂದು ಬರೆಯಿರಿ. ದಿನಕ್ಕೆ ಐದು ಬಿಲ್ಲಿನ ವ್ಯವಹಾರವಿದ್ದರೆ ವಾರಕ್ಕೊಮ್ಮೆ ಒಂದು ಕಡತ ಇಳಿಸಿ ಇನ್ನೊಂದಕ್ಕೆ ಏರಿಸಿದರೆ ಸಾಕು, ಲಕ್ಷ ರೂಪಾಯಿ ಖರ್ಚು ಮಾಡುವ ಅಗತ್ಯವಿಲ್ಲ. ಜೋಡಿಸಿದ ಪ್ರತಿ ಎಳೆಯನ್ನೂ ಮುಂದೆ ವರ್ಷಗಟ್ಟಲೆ ನೋಡಿಕೊಳ್ಳಬೇಕಾಗುತ್ತದೆ. ಐದು ತಂತ್ರಾಂಶಗಳನ್ನು ಒಂದಕ್ಕೊಂದು ನೇರ ಕಟ್ಟಿದರೆ 10 ಎಳೆಗಳಾಗುತ್ತವೆ, ಎಂಟನ್ನು ಕಟ್ಟಿದರೆ 28. ಆದ್ದರಿಂದ ಮೂರಕ್ಕಿಂತ ಹೆಚ್ಚಿದ್ದರೆ ನಡುವೆ ಒಂದು ಕೇಂದ್ರ ಇಟ್ಟುಕೊಂಡು ಎಲ್ಲವೂ ಅದರ ಮೂಲಕವೇ ಹೋಗುವಂತೆ ಮಾಡುವುದು ಲೇಸು.

ತಿದ್ದುವ ಹಕ್ಕು, ತಿಳಿಸುವ ಹೊಣೆ

ಹಾಳೆ ಸಿದ್ಧವಾದ ಮೇಲೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತು ಮಾತಾಡಬೇಕಾದ ವಿಷಯ ಯಜಮಾನಿಕೆ. ಪ್ರತಿಯೊಂದು ಮಾಹಿತಿಗೂ, ಅಂದರೆ ಗಿರಾಕಿಯ ಹೆಸರು, ವಿಳಾಸ, ಜಿಎಸ್‌ಟಿ ನಂಬರು, ಸರಕಿನ ದರ, ಗೋದಾಮಿನ ದಾಸ್ತಾನು, ಬಾಕಿ, ಹೀಗೆ ಒಂದೊಂದಕ್ಕೂ ಒಂದೇ ಒಂದು ತಂತ್ರಾಂಶ ಯಜಮಾನ ಆಗಬೇಕು. ತಿದ್ದುವುದು ಅಲ್ಲಿ ಮಾತ್ರ. ಉಳಿದವು ಅಲ್ಲಿಂದ ಓದಿಕೊಳ್ಳುತ್ತವೆ. ತಿದ್ದಬೇಕೆಂದರೆ ಯಜಮಾನನಿಗೆ ಕೋರಿಕೆ ಕಳಿಸುತ್ತವೆ.

ನಮ್ಮೆಲ್ಲರ ಕಣ್ಣ ಮುಂದೆಯೇ ಇದರ ದೊಡ್ಡ ಉದಾಹರಣೆ ಇದೆ. ಪಹಣಿ ಇರುವುದು ಭೂಮಿ ತಂತ್ರಾಂಶದಲ್ಲಿ, ಕ್ರಯಪತ್ರದ ನೋಂದಣಿ ಕಾವೇರಿಯಲ್ಲಿ, ಅಳತೆಯ ನಕ್ಷೆ ಮೋಜಿಣಿಯಲ್ಲಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೃಷಿ ಜಮೀನಿನ ಕ್ರಯ ಆಗುವಾಗ ಮಾರುವವರ ಹೆಸರು ಪಹಣಿಯಲ್ಲಿದೆಯೇ ಎಂದು ಕಾವೇರಿಯು ಭೂಮಿಯನ್ನು ಕೇಳುತ್ತದೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11-ಇ ನಕ್ಷೆ ಬೇಕು, ಅದು ಮೋಜಿಣಿಯ ಕಡೆಯಿಂದ ಬರಬೇಕು. ನೋಂದಣಿ ಮುಗಿದ ಮೇಲೆ ವಿವರ ಮ್ಯುಟೇಷನ್‌ಗಾಗಿ ಭೂಮಿಗೆ ಹೋಗುತ್ತದೆ. ಗಮನಿಸಬೇಕಾದದ್ದು ಇಲ್ಲಿ: ಕಾವೇರಿ ಪಹಣಿಗೆ ಕೈ ಹಾಕಿ ಹೆಸರು ಬದಲಾಯಿಸುವುದಿಲ್ಲ. ‘ಹೀಗೊಂದು ಕ್ರಯವಾಗಿದೆ’ ಎಂದು ತಿಳಿಸುತ್ತದೆ ಅಷ್ಟೇ. ನೋಟಿಸು ಕೊಡುವುದು, ತಕರಾರು ಕೇಳುವುದು, ಕೊನೆಗೆ ಹೆಸರು ಏರಿಸುವುದು ಕಂದಾಯ ಇಲಾಖೆಯ ಕೆಲಸವಾಗಿಯೇ ಉಳಿದಿದೆ. ಪಹಣಿಗಾಗಿ ಅಲೆದಾಡಿದವರಿಗೆ ಈ ವ್ಯವಸ್ಥೆಯ ಕೊರತೆಗಳೂ ಗೊತ್ತು. ಆದರೆ ಯಾರು ತಿದ್ದಬೇಕು, ಯಾರು ತಿಳಿಸಬೇಕು ಎಂಬ ಗೆರೆ ಅದರಲ್ಲಿ ಸ್ಪಷ್ಟವಾಗಿದೆ, ಮತ್ತು ಆ ಗೆರೆ ಕಾನೂನಿನಿಂದ ಬಂದದ್ದು.

ಅಂಗಡಿಗೆ ಬಂದರೆ, ಗಿರಾಕಿಯ ವಿವರಕ್ಕೆ ಕೌಂಟರಿನ ಬಿಲ್ಲಿಂಗ್ ಯಜಮಾನ ಆಗಬಹುದು, ಏಕೆಂದರೆ ಗಿರಾಕಿ ಮುಖ ತೋರಿಸುವುದು ಅಲ್ಲಿ. ಬಾಕಿಗೆ ಟ್ಯಾಲಿ ಯಜಮಾನ. ಹಣ ಬಂತೋ ಇಲ್ಲವೋ ಎಂಬುದಕ್ಕೆ ಬ್ಯಾಂಕು ಮಾತ್ರ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ಅಲ್ಲ. ದಾಸ್ತಾನಿನ ವಿಷಯದಲ್ಲಿ ಜಗಳವೇ ಆಗುತ್ತದೆ. ಕೌಂಟರಿನವರು ತಮ್ಮದೇ ಸರಿ ಎನ್ನುತ್ತಾರೆ, ಗೋದಾಮಿನವರು ತಮ್ಮದು ಎನ್ನುತ್ತಾರೆ. ಆ ಜಗಳ ಆಗಲಿ, ತಂತ್ರಾಂಶ ಬರೆಯುವ ಮೊದಲೇ ಆಗಿ ಮುಗಿಯಲಿ. ಮನುಷ್ಯರು ತೀರ್ಮಾನಿಸದೆ ಬಿಟ್ಟದ್ದನ್ನು ಯಂತ್ರವು ‘ಕೊನೆಗೆ ಬಂದದ್ದೇ ಸರಿ’ ಎಂಬ ಕುರುಡು ನಿಯಮದಿಂದ ತೀರ್ಮಾನಿಸುತ್ತದೆ.

ತೆರಿಗೆಯ ದರಕ್ಕಂತೂ ಒಂದೇ ಮನೆ ಇರಲೇಬೇಕು, ಜೊತೆಗೆ ಯಾವ ದಿನದಿಂದ ಆ ದರ ಎಂಬ ತಾರೀಖೂ ಇರಬೇಕು. 2025ರ ಸೆಪ್ಟೆಂಬರ್ 22ರಂದು ಹನಿ ನೀರಾವರಿ ಸಾಮಾನಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ದರವನ್ನು ಬಿಲ್ಲಿಂಗಿನಲ್ಲೊಮ್ಮೆ, ಆ್ಯಪಿನಲ್ಲೊಮ್ಮೆ, ಟ್ಯಾಲಿಯಲ್ಲೊಮ್ಮೆ ಬರೆದಿಟ್ಟುಕೊಂಡಿದ್ದವರು ಆ ದಿನ ಮೂರು ಕಡೆ ಓಡಬೇಕಾಯಿತು. ಹಳೆಯ ದರದಲ್ಲಿ ಮಾರಿದ ಮಾಲು ವಾಪಸು ಬಂದಾಗ ಹಳೆಯ ದರವೇ ಬೇಕು, ಅದನ್ನು ಅಳಿಸಿ ಹೊಸದನ್ನು ಬರೆದವರಿಗೆ ಅಲ್ಲೂ ತೊಡಕು.

ಹೆಸರು ಗುರುತಲ್ಲ

ಎರಡು ತಂತ್ರಾಂಶಗಳು ಒಬ್ಬನೇ ಮನುಷ್ಯನ ಬಗ್ಗೆ ಮಾತಾಡುತ್ತಿವೆ ಎಂದು ತಿಳಿಯುವುದು ಹೇಗೆ? ಹೊಸಬರು ಹೆಸರು ನೋಡಿ ಜೋಡಿಸಲು ಹೋಗುತ್ತಾರೆ. ನಮ್ಮ ಹೆಸರುಗಳ ಮಟ್ಟಿಗೆ ಇದು ಅಪಾಯ. ಒಬ್ಬರೇ ಲಕ್ಷ್ಮಿ ಇಂಗ್ಲಿಷಿನಲ್ಲಿ ಒಂದು ಕಡೆ ‘ಕೆ-ಎಸ್-ಎಚ್’ ಹಾಕುತ್ತಾರೆ, ಇನ್ನೊಂದು ಕಡೆ ‘ಎಕ್ಸ್’. ಇನಿಷಿಯಲ್ ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಚುಕ್ಕಿಯೊಂದಿಗೆ, ಒಮ್ಮೆ ಇಲ್ಲದೆ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಬರುತ್ತದೆ, ಹಳೇ ಮೈಸೂರಿನ ಕಡೆ ತಂದೆಯ ಹೆಸರಿನ ಮೊದಲಕ್ಷರ. ಒಂದೇ ಊರಿನಲ್ಲಿ ಮೂವರು ಮಂಜುನಾಥ್ ಇರುತ್ತಾರೆ. ಮೊಬೈಲ್ ನಂಬರೂ ನೆಚ್ಚಿಕೆಯದಲ್ಲ. ಹಳ್ಳಿಯ ಮನೆಯಲ್ಲಿ ಮಗನ ನಂಬರನ್ನೇ ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರೂ ಕೊಟ್ಟಿರುತ್ತಾರೆ.

ಹಾಗಾದರೆ ಜಿಎಸ್‌ಟಿ ನಂಬರು? ಅದು 15 ಅಕ್ಷರಗಳ ಗುರುತು. ಮೊದಲೆರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಮುಂದಿನ 10 ಪ್ಯಾನ್. ಕೊನೆಯದು ತಪ್ಪು ಹಿಡಿಯಲು ಲೆಕ್ಕ ಹಾಕಿ ಇಟ್ಟ ಅಕ್ಷರ. ಒಳ್ಳೆಯ ಗುರುತೇ, ಆದರೆ ನೋಂದಣಿ ಇಲ್ಲದ ಸಣ್ಣ ಅಂಗಡಿಗೆ ಅದು ಇರುವುದಿಲ್ಲ, ಎರಡು ರಾಜ್ಯದಲ್ಲಿ ವ್ಯಾಪಾರ ಇರುವವರಿಗೆ ಎರಡಿರುತ್ತವೆ. ಪಾಲುದಾರಿಕೆ ಹೋಗಿ ಕಂಪನಿಯಾದರೆ ಪ್ಯಾನ್ ಬದಲಾಗಿ ನಂಬರೂ ಬದಲಾಗುತ್ತದೆ.

ಹೊರಗಿನವರು ಕೊಟ್ಟ ಗುರುತನ್ನು ನೆಚ್ಚಿದರೆ ಏನಾಗುತ್ತದೆಂದು ಕರಾವಳಿಯವರಿಗೆ ಚೆನ್ನಾಗಿ ಗೊತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಆಮೇಲೆ ಶಾಖೆಗಳ ಐಎಫ್‌ಎಸ್‌ಸಿ ಕೋಡುಗಳು ಬದಲಾದವು. ಸಿಂಡಿಕೇಟ್ ಬ್ಯಾಂಕಿನ ಹಳೆಯ ಕೋಡುಗಳು 2021ರ ಜುಲೈ 1ರಿಂದ ಕೆಲಸ ನಿಲ್ಲಿಸಿದವು. ಸಂಬಳ, ಸಹಾಯಧನ, ಪಾವತಿಗಳ ಪಟ್ಟಿಯಲ್ಲಿ ಹಳೆಯ ಕೋಡನ್ನೇ ಗುರುತಾಗಿ ನೇಯ್ದುಕೊಂಡಿದ್ದ ತಂತ್ರಾಂಶಗಳೆಲ್ಲ ಬಿಚ್ಚಿ ಹೊಲಿಯಬೇಕಾಯಿತು. ಊರಿನ ಹೆಸರಿನ ಕಥೆಯೂ ಇದೇ. 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ, ಶಿವಮೊಗ್ಗ, ತುಮಕೂರು ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆಯ ಗಿರಾಕಿ ಅದೇ ಅಂಗಡಿಯಲ್ಲೇ ಕೂತಿದ್ದಾರೆ, ಜಿಲ್ಲೆ ಬದಲಾಗಿದೆ.

ಅದಕ್ಕೇ ಪ್ರತಿ ಗಿರಾಕಿಗೆ, ಪ್ರತಿ ಸರಕಿಗೆ ನಿಮ್ಮದೇ ಒಂದು ನಂಬರು ಕೊಡಿ. ಆ ನಂಬರಿನಲ್ಲಿ ಊರು, ವರ್ಷ, ಜಾತಿ, ದರ್ಜೆ ಯಾವ ಅರ್ಥವನ್ನೂ ತುಂಬಬೇಡಿ. ಅರ್ಥ ಬದಲಾದ ದಿನ ನಂಬರು ಸುಳ್ಳಾಗುತ್ತದೆ. ನಡುವಿನ ಕೇಂದ್ರದಲ್ಲಿ ಒಂದು ಹೊಂದಾಣಿಕೆ ಪಟ್ಟಿ ಇರಲಿ: ನಮ್ಮ 4071 ಎಂದರೆ ಬಿಲ್ಲಿಂಗಿನಲ್ಲಿ ಇಂಥವರು, ಟ್ಯಾಲಿಯಲ್ಲಿ ಇಂಥವರು, ಆ್ಯಪಿನಲ್ಲಿ ಇಂಥವರು. ಮೊದಲ ಸಲ ಈ ಪಟ್ಟಿ ಮಾಡುವುದು ಬೇಸರದ ಕೆಲಸ, ಯಂತ್ರ ಅರ್ಧ ಮಾಡಿದರೆ ಉಳಿದರ್ಧ ಊರು ಬಲ್ಲವರೇ ಕೂತು ಮಾಡಬೇಕು. ನಮ್ಮಲ್ಲಿ ನೋಟ್‌ಬುಕ್ಕಿನ ಆ ಹೆಣ್ಣುಮಗಳು ಒಂದು ವಾರ ಕೂತು ಮಾಡಿದರು. ಆಧಾರ್ ನಂಬರನ್ನು ಮಾತ್ರ ಈ ಕೆಲಸಕ್ಕೆ ಎಳೆಯಬೇಡಿ. ಪೈಪು ಮಾರಲು ಅದು ಬೇಕಿಲ್ಲ, ಬೇಡದ್ದನ್ನು ಕೂಡಿಟ್ಟುಕೊಂಡವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆಯೂ ಬರುತ್ತದೆ.

ಅಳತೆ, ತಾರೀಖು, ಅಕ್ಷರ

ಒಂದು ತಂತ್ರಾಂಶದಲ್ಲಿ ಪೈಪಿನ ದಾಸ್ತಾನು ‘40’ ಎಂದಿತ್ತು, ಇನ್ನೊಂದರಲ್ಲಿ ‘240’. ಎರಡೂ ಸರಿ. ಮೊದಲನೆಯದು ಲೆಂತ್‌ಗಳಲ್ಲಿ, ಎರಡನೆಯದು ಮೀಟರಿನಲ್ಲಿ, ಒಂದು ಲೆಂತ್‌ಗೆ 6 ಮೀಟರ್. ಬರೀ ಅಂಕಿ ಕಳಿಸಿದರೆ ಇಂಥ ಎಡವಟ್ಟು ಖಂಡಿತ. ಅಂಕಿಯ ಜೊತೆ ಅಳತೆಯೂ ಪ್ರಯಾಣ ಮಾಡಬೇಕು. ಬಾಕ್ಸು, ಡಜನ್, ಬಂಡಲ್, ಚೀಲ ಎಲ್ಲಕ್ಕೂ ಇದೇ ಮಾತು.

ತಾರೀಖಿನಲ್ಲಿ ದಿನ ಮೊದಲೋ ತಿಂಗಳು ಮೊದಲೋ ಎಂಬ ಗೊಂದಲ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಕಚ್ಚುವುದು ಗಡಿಯಾರ. ಹೊರದೇಶದ ಸರ್ವರುಗಳು ಸಾಮಾನ್ಯವಾಗಿ ಜಾಗತಿಕ ಸಮಯವನ್ನು ಬರೆಯುತ್ತವೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ಬೆಳಿಗ್ಗೆ 5 ಗಂಟೆಗೆ ಬಂದ ಆರ್ಡರ್ ಆ ಸರ್ವರಿನಲ್ಲಿ ಮಾರ್ಚ್ 31ರ ರಾತ್ರಿ 11:30. ತಾರೀಖನ್ನು ಮಾತ್ರ ಕತ್ತರಿಸಿ ಕಳಿಸಿದರೆ ಆರ್ಡರ್ ಹಿಂದಿನ ಆರ್ಥಿಕ ವರ್ಷಕ್ಕೆ ಹೋಗಿ ಕೂರುತ್ತದೆ. ಪೈಸೆಯದೂ ಹೀಗೇ: ಒಂದು ತಂತ್ರಾಂಶ ಪ್ರತಿ ಸಾಲಿಗೆ ತೆರಿಗೆ ಹಾಕಿ ಪೂರ್ಣಾಂಕ ಮಾಡುತ್ತದೆ, ಇನ್ನೊಂದು ಒಟ್ಟು ಮೊತ್ತಕ್ಕೆ. ದಿನಕ್ಕೆ ಮೂರು ನಾಲ್ಕು ರೂಪಾಯಿಯ ವ್ಯತ್ಯಾಸ ತಿಂಗಳ ಕೊನೆಗೆ ಲೆಕ್ಕಿಗರ ನಿದ್ದೆ ಕೆಡಿಸುತ್ತದೆ.

ಎಕ್ಸೆಲ್ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಅದು ಸೊನ್ನೆಯಿಂದ ಶುರುವಾಗುವ ಕೋಡಿನ ಸೊನ್ನೆಯನ್ನು ನುಂಗುತ್ತದೆ. 15 ಅಂಕಿಗಿಂತ ಉದ್ದದ ಸಂಖ್ಯೆಯ ಬಾಲವನ್ನು ಸೊನ್ನೆ ಮಾಡುತ್ತದೆ; 16 ಅಂಕಿಯ ಬ್ಯಾಂಕ್ ಖಾತೆಗೆ ಇದರಿಂದ ಏನಾದೀತು ಯೋಚಿಸಿ. ತಾರೀಖಿನಂತೆ ಕಂಡದ್ದನ್ನೆಲ್ಲ ತಾರೀಖು ಮಾಡುತ್ತದೆ. ಈ ಕಾಟಕ್ಕೆ ಬೇಸತ್ತು ಮಾನವ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಹಲವು ಜೀನ್‌ಗಳ ಹೆಸರನ್ನೇ ಬದಲಿಸಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಪ್ರಯೋಗಾಲಯಗಳಿಂದ ಬಂದ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ನಮೂನೆಯ ಎಕ್ಸೆಲ್ ಕಡತಕ್ಕೆ ತುಂಬಿ ಮುಂದೆ ಕಳಿಸುತ್ತಿದ್ದರು. ಆ ನಮೂನೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಸೋಂಕಿತರು ವರದಿಯಿಂದ ಬಿಟ್ಟುಹೋದರು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ತಡವಾಯಿತು. ಕಳಿಸಿದ್ದೆಷ್ಟು, ತಲುಪಿದ್ದೆಷ್ಟು ಎಂದು ದಿನಾ ಎಣಿಸಿದ್ದರೆ ಮೊದಲ ಸಂಜೆಯೇ ಗೊತ್ತಾಗುತ್ತಿತ್ತು.

ಕನ್ನಡದಲ್ಲಿ ಮಾಹಿತಿ ಇಟ್ಟವರಿಗೆ ಇನ್ನೂ ಒಂದು ಕೆಲಸವಿದೆ. ಇಪ್ಪತ್ತು ವರ್ಷದ ಹಿಂದಿನ ಸದಸ್ಯರ ಪಟ್ಟಿಗಳು ಬಹುಪಾಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಅವುಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ತುಂಡುಗಳು. ಫಾಂಟು ಇಲ್ಲದ ಕಡೆ ಅದು ಅರ್ಥವಿಲ್ಲದ ಗೀಚು. ಜೋಡಿಸುವ ಮೊದಲು ಎಲ್ಲವನ್ನೂ ಯುನಿಕೋಡಿಗೆ ತರಬೇಕು, ತಂದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಹೆಸರುಗಳನ್ನು ಕಣ್ಣಿನಿಂದ ಓದಿ ನೋಡಬೇಕು. ಯುನಿಕೋಡಿನಲ್ಲೂ ಒಂದು ಬಲೆ ಇದೆ. ‘ಕೊಪ್ಪ’ದ ‘ಕೊ’ವನ್ನು ಕ ಅಕ್ಷರಕ್ಕೆ ಒಂದೇ ಚಿಹ್ನೆ ಸೇರಿಸಿ ಬರೆಯಬಹುದು, ಎತ್ವ ಮತ್ತು ದೀರ್ಘದ ಕೊಂಬು ಎಂಬ ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಊರು. ಇವನ್ನೆಲ್ಲ ಒಂದೇ ರೂಪಕ್ಕೆ ತರುವ ವಿಧಾನ ಯುನಿಕೋಡಿನಲ್ಲೇ ಇದೆ, ಅದನ್ನು ಬಳಸುತ್ತೀರಾ ಎಂದು ನಿಮ್ಮ ತಂತ್ರಜ್ಞರನ್ನು ಕೇಳಿ. ಈ ಪ್ರಶ್ನೆ ಕೇಳುವವರು ಕಡಿಮೆ, ಹಾಗಾಗಿ ಉತ್ತರ ಗೊತ್ತಿಲ್ಲದವರೇ ಹೆಚ್ಚು.

ಕರೆಂಟು ಹೋದಾಗ

ಮಾಹಿತಿ ಎಷ್ಟು ಬೇಗ ತಲುಪಬೇಕು ಎಂಬುದರ ಮೇಲೆ ದಾರಿ ನಿಂತಿದೆ. ಆ್ಯಪಿನಲ್ಲಿ ಆರ್ಡರ್ ಹಾಕುವವರಿಗೆ ದಾಸ್ತಾನು ನಿಮಿಷಗಳಲ್ಲಿ ತಿಳಿಯಬೇಕು, ಅದಕ್ಕೆ ಎಪಿಐ, ಅಂದರೆ ತಂತ್ರಾಂಶಗಳು ಪರಸ್ಪರ ಮಾತಾಡಲು ಇಟ್ಟ ಬಾಗಿಲಿನ ಮೂಲಕ ನೇರ ಸಂಪರ್ಕ. ಲೆಕ್ಕಕ್ಕೆ ರಾತ್ರಿ ಒಮ್ಮೆ ಹೋದರೆ ಸಾಕು, ಅದಕ್ಕೆ ಒಂದು ಕಡತ. ಎಲ್ಲವೂ ಕ್ಷಣದಲ್ಲೇ ಆಗಬೇಕು ಎಂಬ ಹಟ ದುಬಾರಿ. ಇನ್ನೊಂದು ತಂತ್ರಾಂಶದ ಡೇಟಾಬೇಸಿಗೆ ಹಿತ್ತಲ ಬಾಗಿಲಿನಿಂದ ನುಗ್ಗಿ ಬರೆಯುವ ದಾರಿಯನ್ನು ಯಾರು ಸೂಚಿಸಿದರೂ ಒಪ್ಪಬೇಡಿ. ಆ ತಂತ್ರಾಂಶದ ಮುಂದಿನ ಆವೃತ್ತಿ ಬಂದ ದಿನ ಅದು ಮುರಿಯುತ್ತದೆ.

ಟ್ಯಾಲಿ ಬೆಂಗಳೂರಿನದೇ ತಂತ್ರಾಂಶ, ಹೊರಗಿನಿಂದ ಮಾಹಿತಿ ಪಡೆಯಲು ಎಕ್ಸ್‌ಎಂಎಲ್ ರೂಪದ ದಾರಿಯನ್ನು ಅದು ತೆರೆದಿಟ್ಟಿದೆ. ಆದರೆ ನಿಮ್ಮ ಕಂಪ್ಯೂಟರಿನಲ್ಲಿ ಟ್ಯಾಲಿ ತೆರೆದಿರಬೇಕು, ಸಂಬಂಧಪಟ್ಟ ಕಂಪನಿಯ ಲೆಕ್ಕವೂ ತೆರೆದಿರಬೇಕು. ರಾತ್ರಿ 8ಕ್ಕೆ ಎಲ್ಲ ಆಫ್ ಮಾಡಿ ಹೋಗುವ ಅಂಗಡಿಯಲ್ಲಿ, ಮಧ್ಯಾಹ್ನ ಎರಡು ತಾಸು ಕರೆಂಟು ಇಲ್ಲದ ಊರಿನಲ್ಲಿ, ಕಳಿಸಿದ್ದು ಎಲ್ಲಿಗೆ ಹೋಗಬೇಕು? ನಡುವೆ ಒಂದು ಸರತಿ ಇರಬೇಕು. ಹೋಗಬೇಕಾದ ಬಿಲ್ಲುಗಳು ಅಲ್ಲಿ ಸಾಲುಗಟ್ಟಿ ನಿಂತಿರಲಿ, ಆ ಕಡೆ ಬಾಗಿಲು ತೆರೆದಾಗ ಒಂದೊಂದೇ ಹೋಗಲಿ.

ಸಂಪರ್ಕ ನಡುದಾರಿಯಲ್ಲಿ ಕಡಿದರೆ ಬರುವ ಪ್ರಶ್ನೆ ಇನ್ನೂ ಸೂಕ್ಷ್ಮ. ಬಿಲ್ಲು ತಲುಪಿತು, ‘ತಲುಪಿತು’ ಎಂಬ ಉತ್ತರ ಮಾತ್ರ ವಾಪಸು ಬರಲಿಲ್ಲ. ಕಳಿಸಿದವರು ಮತ್ತೆ ಕಳಿಸಿದರೆ ಎರಡು ಬಿಲ್ಲು. ಯುಪಿಐನಲ್ಲಿ ಹಣ ‘ಪೆಂಡಿಂಗ್’ ಎಂದು ನಿಂತಾಗ ಮತ್ತೊಮ್ಮೆ ಕಳಿಸಿ ಪೇಚಾಡಿದವರಿಗೆ ಇದು ಗೊತ್ತು. ಇದಕ್ಕೆ ಉಪಾಯ ಒಂದೇ: ಪ್ರತಿ ವ್ಯವಹಾರಕ್ಕೂ ಹುಟ್ಟುವಾಗಲೇ ಒಂದು ಗುರುತು ಇರಬೇಕು, ಪಡೆಯುವವರು ಆ ಗುರುತನ್ನು ಮೊದಲೇ ಕಂಡಿದ್ದರೆ ಎರಡನೆಯದನ್ನು ತೆಗೆದುಕೊಳ್ಳಬಾರದು. ಇ-ಇನ್‌ವಾಯ್ಸ್ ವ್ಯವಸ್ಥೆ ಇದನ್ನು ಅಚ್ಚುಕಟ್ಟಾಗಿ ಮಾಡಿದೆ. ಮಾರುವವರ ಜಿಎಸ್‌ಟಿ ನಂಬರು, ಆರ್ಥಿಕ ವರ್ಷ, ದಾಖಲೆಯ ಬಗೆ, ದಾಖಲೆಯ ನಂಬರು, ಈ ನಾಲ್ಕರಿಂದ ಲೆಕ್ಕ ಹಾಕಿ 64 ಅಕ್ಷರಗಳ ಐಆರ್‌ಎನ್ ಹುಟ್ಟುತ್ತದೆ. ಅದೇ ಬಿಲ್ಲನ್ನು ಎಷ್ಟು ಸಲ ಕಳಿಸಿದರೂ ಲೆಕ್ಕ ಹಾಕಿದಾಗ ಅದೇ ಐಆರ್‌ಎನ್ ಬರುತ್ತದೆ, ಪೋರ್ಟಲ್ ನಕಲೆಂದು ಹಿಂದಿರುಗಿಸುತ್ತದೆ.

ಸರ್ಕಾರದ ನಿಯಮಗಳೂ ನಿಮ್ಮ ಯೋಜನೆಯ ಭಾಗವೇ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ವಹಿವಾಟು ಮೀರಿದವರು ನೋಂದಾಯಿತ ವ್ಯಾಪಾರಿಗಳಿಗೆ ಕೊಡುವ ಬಿಲ್ಲಿಗೆ ಇ-ಇನ್‌ವಾಯ್ಸ್ ಮಾಡಬೇಕು. ಬಿಲ್ಲಿನ ನಂಬರು 16 ಅಕ್ಷರ ಮೀರುವಂತಿಲ್ಲ, ಆದ್ದರಿಂದ ಆ್ಯಪಿನ ಉದ್ದನೆಯ ಆರ್ಡರ್ ನಂಬರನ್ನೇ ಬಿಲ್ಲಿನ ನಂಬರು ಮಾಡಲಾಗದು. ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ ಅವಕಾಶ. 10 ಕೋಟಿ ಮತ್ತು ಅದಕ್ಕಿಂತ ಹೆಚ್ಚಿನ ವಹಿವಾಟಿನವರು 2025ರ ಏಪ್ರಿಲ್ 1ರಿಂದ ಬಿಲ್ಲಿನ ತಾರೀಖಿನಿಂದ 30 ದಿನದೊಳಗೆ ಪೋರ್ಟಲ್‌ಗೆ ಏರಿಸಲೇಬೇಕು. ನಿಮ್ಮ ಸರತಿಯಲ್ಲಿ ಒಂದು ಬಿಲ್ಲು ಯಾರ ಕಣ್ಣಿಗೂ ಬೀಳದೆ ತಿಂಗಳು ಕೂತರೆ ಗಿರಾಕಿಗೆ ತೆರಿಗೆಯ ಜಮೆ ಸಿಗುವುದಿಲ್ಲ.

ಹಾಗೆ ಕೂರದಂತೆ ನೋಡಿಕೊಳ್ಳುವುದು ಮನುಷ್ಯರ ಕೆಲಸ. ಮೂರು ನಾಲ್ಕು ಸಲ ಪ್ರಯತ್ನಿಸಿಯೂ ಹೋಗದವು ಒಂದು ಬಾಕಿ ಪಟ್ಟಿಗೆ ಬೀಳಬೇಕು, ದಿನಾ ಬೆಳಿಗ್ಗೆ ಅದನ್ನು ನೋಡುವವರ ಹೆಸರು ಗೋಡೆಯ ಮೇಲೆ ಬರೆದಿರಬೇಕು. ದೋಷದ ಸಂದೇಶ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ‘ಎರರ್ 422’ ಎಂದರೆ ಅವರೇನು ಮಾಡಿಯಾರು? ‘4071ರ ಜಿಎಸ್‌ಟಿ ನಂಬರಿನಲ್ಲಿ ಒಂದಕ್ಷರ ಕಡಿಮೆ ಇದೆ’ ಎಂದರೆ ಫೋನು ಮಾಡಿ ಕೇಳಿ ಸರಿಪಡಿಸುತ್ತಾರೆ. ಸಂಜೆ ಎರಡೂ ಕಡೆಯ ಬಿಲ್ಲುಗಳ ಎಣಿಕೆ, ಎರಡೂ ಕಡೆಯ ಮೊತ್ತ ಒಂದು ಸಾಲಿನಲ್ಲಿ ಬರಲಿ. ಖಿರ್ದಿ-ಖತಾವಣಿಯ ತಾಳೆ ಇದೇ, ಈಗ ಹತ್ತು ಸೆಕೆಂಡಿನ ಕೆಲಸ.

ಶುರು ಮಾಡುವ ದಿನ

ಮಾರ್ಚಿನಲ್ಲಿ ಬೇಡ. ದೀಪಾವಳಿಯ ವಾರ ಬೇಡ. ತಿಂಗಳ 11 ಮತ್ತು 20ರ ಹತ್ತಿರ, ಅಂದರೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ದಿನಗಳ ಸುತ್ತ ಬೇಡ. ಮೊದಲು ಒಂದೇ ಎಳೆ, ಒಂದೇ ಬಗೆಯ ಸರಕು, ಹತ್ತಿಪ್ಪತ್ತು ಗಿರಾಕಿಗಳು. ಒಂದು ತಿಂಗಳು ಹಳೆಯ ಕ್ರಮವನ್ನೂ ಹೊಸದನ್ನೂ ಜೊತೆಗೇ ನಡೆಸಿ. ಇದರಿಂದ ಕೆಲಸ ಇಮ್ಮಡಿಯಾಗುತ್ತದೆ, ನೌಕರರು ಗೊಣಗುತ್ತಾರೆ, ಅವರಿಗೆ ಆ ತಿಂಗಳು ಹೆಚ್ಚಿನ ಕೂಲಿ ಕೊಡಿ. ಪರೀಕ್ಷೆಗೆ ನೆಟ್ಟಗಿನ ಬಿಲ್ಲುಗಳನ್ನು ಹಾಕಿ ನೋಡಿದರೆ ಏನೂ ತಿಳಿಯದು. ವಾಪಸು ಬಂದ ಮಾಲು, ಅರ್ಧ ಹಣ ಕೊಟ್ಟ ಗಿರಾಕಿ, ರದ್ದಾದ ಆರ್ಡರ್, ಕನ್ನಡ ಹೆಸರು, ಸೊನ್ನೆ ರೂಪಾಯಿಯ ಉಚಿತ ಸರಕು, ಇವನ್ನು ಹಾಕಿ ನೋಡಿ.

ತಂತ್ರಾಂಶ ಮಾರುವ ಕಂಪನಿಯನ್ನು ಸಹಿ ಹಾಕುವ ಮೊದಲೇ ಕೇಳಬೇಕಾದದ್ದು ಕೆಲವಿವೆ. ಎಪಿಐ ಇದೆಯೇ, ಅದಕ್ಕೆ ಬೇರೆ ದುಡ್ಡೇ? ಆವೃತ್ತಿ ಬದಲಾದರೆ ಎಷ್ಟು ದಿನ ಮೊದಲು ತಿಳಿಸುತ್ತೀರಿ? ನಾಳೆ ನಿಮ್ಮನ್ನು ಬಿಟ್ಟು ಹೋಗುವುದಾದರೆ ನಮ್ಮ ಮಾಹಿತಿಯೆಲ್ಲ ಯಾವ ರೂಪದಲ್ಲಿ ಕೈಗೆ ಬರುತ್ತದೆ? ಬಾಯಿಮಾತಿನ ಉತ್ತರ ಸಾಲದು, ಕರಾರಿನಲ್ಲಿ ಬರಲಿ. ಪ್ರತಿ ಎಳೆಗೂ ಬೇರೆ ಬೇರೆ ಪ್ರವೇಶ ಕೀಲಿ ಪಡೆಯಿರಿ, ಅದನ್ನು ವಾಟ್ಸ್ಆ್ಯಪಿನಲ್ಲಿ ಹಂಚಬೇಡಿ, ಕೆಲಸ ಬಿಟ್ಟು ಹೋದವರ ಕೀಲಿಯನ್ನು ಅದೇ ದಿನ ರದ್ದು ಮಾಡಿ.

ಆ ಸಗಟು ಅಂಗಡಿಯ ಜೋಡಣೆಯನ್ನು ನಾನು ಬಿಚ್ಚಿ ಮತ್ತೆ ಕಟ್ಟಿದೆ. ಮೂರು ವಾರದ ಕೆಲಸ ನಾಲ್ಕು ತಿಂಗಳಾಯಿತು, ಅದರಲ್ಲಿ ಮೊದಲ ಎರಡು ತಿಂಗಳು ಕೋಡು ಬರೆಯಲೇ ಇಲ್ಲ. ನೋಟ್‌ಬುಕ್ಕಿನ ಹೆಣ್ಣುಮಗಳು ಈಗ ಸಂಜೆ 6ಕ್ಕೆ ಮನೆಗೆ ಹೋಗುತ್ತಾರೆ. ಬೆಳಗಿನ ಬಾಕಿ ಪಟ್ಟಿಯ ಮೇಲೆ ಇರುವುದು ಅವರ ಹೆಸರು.

ನಿಮ್ಮಲ್ಲೂ ಇಂಥ ಯೋಚನೆ ಇದ್ದರೆ ಇವತ್ತು ಸಂಜೆ ಆ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಮಾಹಿತಿಯ ಹೆಸರು, ಬಲಕ್ಕೆ ಅದರ ಯಜಮಾನನ ಹೆಸರು. ಯಾವ ಸಾಲಿನಲ್ಲಿ ಎರಡು ಹೆಸರು ಬಂದವೋ, ಆ ಸಾಲಿನ ಮಾತು ಮುಗಿಯುವ ತನಕ ಯಾರಿಗೂ ಮುಂಗಡ ಕೊಡಬೇಡಿ.